ಲೊಚಗುಟ್ಟುತ್ತಿದ್ದ ಟ್ರ್ಯಾಕ್ಟರ್

ಹಿತ್ತಲ ಜಗಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದೆ. ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ತಟ್ಟೆಗೆ ಹಾರಬೇಕು, ಸಿಪ್ಪೆ ಕೈಯಲ್ಲೇ ಉಳಿಯಬೇಕು. ಕೈಗೆ ಅಭ್ಯಾಸವಾದ ಕೆಲಸ, ಬಾಯಿಗೆ ಬಿಡುವು. ವೆಂಕಟರಮಣನ ನಾಮ ಹೇಳಿಕೊಳ್ಳುತ್ತಾ ಕೂತಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲಿಂದ ತಲೆ ಹಾಕಿದರು.

“ಏಮಮ್ಮಾ, ನಿಮ್ಮ ಟ್ರ್ಯಾಕ್ಟರ್ ಬಂತು, ಹೋಗಿ ನೋಡು.”

“ಸದ್ದೇ ಕೇಳಿಸ್ಲಿಲ್ವಲ್ಲ ಅಜ್ಜಿ?”

“ಸದ್ದು ಎಲ್ಲಿಂದ ಬರುತ್ತೆ? ಎತ್ತು ಕಟ್ಟಿ ಎಳ್ಕೊಂಡು ಬರ್ತಾವ್ರೆ. ಹೆಣ ತಂದಂಗೆ.”

ನಾನು ಸಿಪ್ಪೆಯ ಕೈಯಲ್ಲೇ ಎದ್ದೆ. ಆ ಮಾತು ನನ್ನ ಅತ್ತೆಯ ಕಿವಿಗೆ ಬೀಳದಿರಲಿ ಅಂತ ಅಂದುಕೊಂಡೆ. ಬಿದ್ದೇಬಿಟ್ಟಿತ್ತು. ಅಡುಗೆಮನೆಯ ಬಾಗಿಲಲ್ಲಿ ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಇದು ಅರವತ್ತರ ದಶಕದ ಮಾತು. ಕೆಂಚಾರ್ಲಹಳ್ಳಿ ಕಡೆಯ ನಮ್ಮ ಊರಿಗೆ ಇನ್ನೂ ಕರೆಂಟ್ ಬಂದಿರಲಿಲ್ಲ. ಕರೆಂಟ್ ಅನ್ನುವುದು ಹೇಗಿರುತ್ತದೆ ಅಂತ ನಾವು ಹೆಂಗಸರು ಕಂಡಿದ್ದೇ ಆ ಟ್ರ್ಯಾಕ್ಟರಿನ ಬ್ಯಾಟರಿ ಪೆಟ್ಟಿಗೆಯಲ್ಲಿ. ನಮ್ಮ ಮನೆಯವರೂ ಅವರ ತಮ್ಮ, ಅಂದರೆ ನನ್ನ ಮೈದುನನೂ ಸೇರಿ, ಕೆರೆಗೋಡು, ಅಂದರೆ ಕೆರೆಯ ಹೂಳು ಮಣ್ಣು, ಹೊಲಕ್ಕೆ ಹೊಡೆಯಲು, ಉಳಲು ಆಗುತ್ತದೆ ಅಂತ ಗೌರಿಬಿದನೂರಿನ ಆಚೆಯ ಒಂದು ಮನೆಯಿಂದ ಹಳೇ ಟ್ರ್ಯಾಕ್ಟರ್ ಕೊಂಡಿದ್ದರು. ಅದನ್ನು ಓಡಿಸುತ್ತಿದ್ದ ಯಜಮಾನ ತೀರಿಕೊಂಡಿದ್ದ. ಜ್ವರದಲ್ಲಿ ಹೋದನಂತೆ, ಗಾಡಿಯಿಂದ ಬಿದ್ದು ಅಲ್ಲ. ಆದರೆ ಗಾಡಿ ಅಂಗಳ ಬಿಡುವಾಗ ಅವನ ಹೆಂಡತಿ ಹೊರಗೆ ಬಂದು, ಒಂದು ಮಾತೂ ಆಡದೆ, ಸೀಟನ್ನು ತನ್ನ ಸೆರಗಿನಿಂದ ಒರೆಸಿ ಒಳಗೆ ಹೋದಳಂತೆ. ಮೈದುನ ಇದನ್ನು ಊಟ ಮಾಡುತ್ತಾ ಸುಮ್ಮನೆ ಹೇಳಿದ. ಅತ್ತೆಯ ತುತ್ತು ಕೈಯಲ್ಲೇ ನಿಂತಿತು.

ಬರುವಾಗ ಚಿಕ್ಕಬಳ್ಳಾಪುರ ದಾಟುವವರೆಗೂ ಚೆನ್ನಾಗಿಯೇ ಬಂತಂತೆ. ಚಿಂತಾಮಣಿಯಲ್ಲಿ ಟೀ ಕುಡಿಯಲು ನಿಲ್ಲಿಸಿದ್ದಾರೆ, ಆಮೇಲೂ ಹೊರಟಿದೆ. ಊರ ಹತ್ತಿರದ ಹಳ್ಳದಲ್ಲಿ ಒಂದು ಸಲ ಕುಲುಕಿ ನಿಂತದ್ದು ನಿಂತೇ ಹೋಯಿತು. ಸ್ಟಾರ್ಟ್ ಮಾಡುವ ಗುಂಡಿ ಒತ್ತಿದರೆ ಒಳಗೆಲ್ಲೋ ಒಂದೇ ಒಂದು ಸದ್ದು: ಲೊಚ್.

ಆ ಸದ್ದನ್ನು ನಾನೂ ಕೇಳಿದೆ. ಅಂಗಳಕ್ಕೆ ತಂದು ನಿಲ್ಲಿಸಿದ ಮೇಲೆ ಮೈದುನ ಮತ್ತೆ ಗುಂಡಿ ಒತ್ತಿದ. ಗೋಡೆಯ ಹಲ್ಲಿ ಹೇಗೆ ಲೊಚಗುಟ್ಟುತ್ತದೋ ಹಾಗೇ. ಹಲ್ಲಿ ಲೊಚಗುಟ್ಟಿದರೆ ನಾವು ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಅನ್ನುವವರು. ಅತ್ತೆ ಬಗ್ಗಿ ನೆಲ ತಟ್ಟಿದರು. ಆರತಿ ತಟ್ಟೆ ಹಿಡಿದುಕೊಂಡು ಅವರ ಪಕ್ಕದಲ್ಲಿ ನಿಂತಿದ್ದವಳು ನನ್ನ ಓರಗಿತ್ತಿ, ಮೈದುನನ ಹೆಂಡತಿ.

ಅವಳು ನಮ್ಮ ಮನೆಗೆ ಬಂದು ತಿಂಗಳೂ ತುಂಬಿರಲಿಲ್ಲ. ಕಾರ್ತೀಕದಲ್ಲಿ ಮದುವೆಯಾಗಿತ್ತು. ಶಿಡ್ಲಘಟ್ಟದ ಕಡೆಯವಳು, ರೇಷ್ಮೆ ಹುಳು ಮನೆಯಲ್ಲಿ ಬೆಳೆದವಳು. ಹುಳು ಮನೆಯಲ್ಲಿ ಗಟ್ಟಿ ಮಾತಿಲ್ಲ, ಗಟ್ಟಿ ಹೆಜ್ಜೆ ಇಲ್ಲ. ಕೈ ತೊಳೆಯದೆ ಏನನ್ನೂ ಮುಟ್ಟುವಂತಿಲ್ಲ. ಅದೇ ಅಭ್ಯಾಸ ಇಲ್ಲಿಗೂ ತಂದಿದ್ದಳು. ಹಿಂದೆ ಬಂದು ನಿಂತರೆ ಗೊತ್ತೇ ಆಗುತ್ತಿರಲಿಲ್ಲ. “ಅಯ್ಯೋ ಮಾರಾಯ್ತಿ, ಒಂದು ಗೆಜ್ಜೆನಾದ್ರೂ ಹಾಕ್ಕೊಳ್ಳೇ, ಜೀವ ಹೋಗುತ್ತೆ,” ಅಂತ ನಾನು ಬೈಯುತ್ತಿದ್ದೆ. ಅವಳು ನಗುತ್ತಿದ್ದಳು, ಅದೂ ಸದ್ದಿಲ್ಲದೆ.

ಆ ದಿನ ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಕೆಂಪು ಓಕುಳಿ ಮಾಡಿ, ಗಾಡಿಗೆ ಆರತಿ ಎತ್ತಿದೆವು. ಸುಣ್ಣ ಕೊಟ್ಟದ್ದು ಮಾವ. ಕಿವಿ ದೂರವಾಗಿದ್ದ ಅವರು ಮುಂದಿನ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು, ಕಂಬಕ್ಕೆ ಒರಗಿ ಕೂತಿರುತ್ತಿದ್ದರು. “ಹೊರಡ್ತಾ?” ಅಂತ ಕೇಳಿದರು. ಇಲ್ಲ ಅಂತ ಕೈ ಆಡಿಸಿದೆ.

ಆಮೇಲೆ ಅತ್ತೆ ಒಂದು ನೇಮ ಹಾಕಿದರು. ಎತ್ತಿಗೆ ಹೇಗೋ ಇದಕ್ಕೂ ಹಾಗೆ. ಬೆಳಿಗ್ಗೆ ಅಂಗಳ ಸಾರಿಸಿ ರಂಗೋಲಿ ಹಾಕಿದ ಮೇಲೆ ಗಾಡಿಯ ಹಣೆಗೆ ಅರಿಶಿನ ಕುಂಕುಮ, ಕೊಂಬಿಗೆ ಅರಿಶಿನ ಕುಂಕುಮ. ಕೊಂಬು ಅಂದರೆ ಬ್ಯಾಟರಿಯ ಮೇಲಿದ್ದ ಎರಡು ಸೀಸದ ಮೊಳಕೆ. ಪೆಟ್ಟಿಗೆಗೆ ಮುಚ್ಚಳ ಇರಲಿಲ್ಲ, ಎಲ್ಲೋ ಬಿದ್ದುಹೋಗಿತ್ತು. ಮೇಲಿಂದ ನೋಡಿದರೆ ಕರುವಿನ ತಲೆಯಲ್ಲಿ ಆಗ ತಾನೇ ಮೂಡಿದ ಕೊಂಬಿನ ಹಾಗೇ ಕಾಣುತ್ತಿತ್ತು. ಒಂದೊಂದು ಕೊಂಬಿಗೂ ವೈರಿನ ತುದಿಯ ಸೀಸದ ಬಳೆ ತೊಡಿಸಿತ್ತು.

“ಹೊಸ ಸೊಸೆ ಕೈಯಿಂದಾನೇ ಆಗ್ಲಿ. ಅವಳು ಬಂದಾಗಲೇ ಬಂದಿದೆ, ಅವಳ ಕಾಲ್ಗುಣಕ್ಕೆ ಬಗ್ಗಲಿ,” ಅಂದರು ಅತ್ತೆ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಮುಂದೆ ಅದೇ ಕಾಲ್ಗುಣದ ಮಾತು ಬೇರೆ ದಾರಿ ಹಿಡಿಯಿತು.

ಚಿಂತಾಮಣಿಯಿಂದ ಮೇಸ್ತ್ರಿ ಸಾಬರು ಬಂದರು. ಬಂದವರು ಬಾನೆಟ್ ಎತ್ತಿ, ಅಲ್ಲಿ ಇಲ್ಲಿ ಮುಟ್ಟಿ, ವೈರು ಅಲ್ಲಾಡಿಸಿ, ಗುಂಡಿ ಒತ್ತಿದರು. ಗಡಗಡ ಅಂತ ಶುರುವಾಯಿತು. ಹುಣಸೆಮರದ ಕಾಗೆಗಳೆಲ್ಲ ಎದ್ದು ಹೋದವು.

“ಏನಾಗಿದೆ ಇದಕ್ಕೆ? ಚೆನ್ನಾಗೈತಲ್ಲ!” ಅಂದರು ಸಾಬರು.

“ನೀವೇನು ಮಾಡಿದ್ರಿ ಸಾಬರೇ?”

“ಅಲ್ಲಾ ಕಸಮ್, ಏನೂ ಮಾಡಿಲ್ಲಮ್ಮಾ. ಸುಮ್ನೆ ಮುಟ್ಟಿದೆ.” ಬ್ಯಾಟರಿ ನೀರಿಗೆ ಕೈ ಹಾಕಬೇಡಿ, ಸುಡುತ್ತದೆ ಅಂತ ಗಂಡಸರಿಗೆ ಹೇಳಿ, ಟೀ ಕುಡಿದು, ಬಸ್ಸು ಹತ್ತಿದರು.

ಮಾರನೆಯ ಬೆಳಿಗ್ಗೆ ಮೈದುನ ಗುಂಡಿ ಒತ್ತಿದ. ಲೊಚ್.

ಎತ್ತು ಕಟ್ಟಿ ಕೆರೆ ಏರಿಯ ಇಳಿಜಾರಿಗೆ ಎಳೆದು ಬಿಟ್ಟರು, ಅಲ್ಲಿ ಹೊರಟಿತು. ಸಾಲಾಗಿ ನಿಂತು ನೋಡುತ್ತಿದ್ದವರಲ್ಲಿ ಯಾರೋ, “ಟ್ರ್ಯಾಕ್ಟರ್ ಬಂದ್ಮೇಲೆ ನಿಮ್ಮೆತ್ತಿಗೆ ಕೆಲ್ಸ ಜಾಸ್ತಿ ಆಯ್ತಲ್ಲಪ್ಪೋ,” ಅಂದರು. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಸಾಬರು ಮತ್ತೊಮ್ಮೆ ಬಂದಾಗಲೂ ಹಾಗೇ ಆಯಿತು, ಅವರು ಮುಟ್ಟಿದ ತಕ್ಷಣ ಹೊರಟಿತು. ಪಕ್ಕದ ಮನೆಯ ಅಜ್ಜಿ, “ಅವರೇನೋ ಓದಿ ಊದ್ತಾರೆ ಕಣಮ್ಮಾ. ಒಳಗಿರೋದು ಅವರಿಗೆ ಹೆದರುತ್ತೆ,” ಅಂದರು. ಒಳಗಿರೋದು ಅಂದರೆ ಏನು ಅಂತ ನಾನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಿದ್ದರು.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಮಾರ್ಗಶಿರದ ಚಳಿ, ಬೆಳಿಗ್ಗೆ ಎದ್ದರೆ ಅಂಗಳದ ಕಲ್ಲು, ತುಳಸಿಕಟ್ಟೆ, ನೊಗ, ಎಲ್ಲದರ ಮೇಲೂ ಇಬ್ಬನಿ. ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಬೆರಳಲ್ಲಿ ಬರೆಯಬಹುದಾದಷ್ಟು ಇಬ್ಬನಿ. ಸೀಟು ಮಾತ್ರ ಒಣಗಿರುತ್ತಿತ್ತು. ಕಬ್ಬಿಣದ ಸೀಟು, ಮೇಲೆ ಸೂರಿಲ್ಲ, ಮರವಿಲ್ಲ. ಬೆಕ್ಕು ಮಲಗಿತ್ತೇನೋ ಅಂತ ನೋಡಿದೆ. ನಮ್ಮ ಬೆಕ್ಕು ಒಲೆಯ ಬೂದಿಯಲ್ಲಿ ಬೆಚ್ಚಗೆ ಬಿದ್ದುಕೊಂಡಿತ್ತು. ಒಂದು ದಿನ ಧೈರ್ಯ ಮಾಡಿ ಅಂಗೈ ಇಟ್ಟು ನೋಡಿದೆ. ಆಗಷ್ಟೇ ಯಾರೋ ಎದ್ದು ಹೋದ ಜಾಗದ ಹಾಗೆ ಇತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮನೆಯಲ್ಲಿ ಇದ್ದ ಭಯ ಎರಡಾಗುತ್ತಿತ್ತು.

ಭಯಕ್ಕೆ ಬೇರೆ ಕಾರಣಗಳೂ ಸಿಕ್ಕಿದವು. ಮೊದಲನೆಯದು ಕುಂಕುಮ. ಅತ್ತೆ ಅರಿಶಿನಕ್ಕೆ ಸುಣ್ಣ ಹಾಕಿ ಮನೆಯಲ್ಲೇ ಕುಂಕುಮ ಮಾಡುತ್ತಿದ್ದರು. ಓರಗಿತ್ತಿ ಬೆಳಿಗ್ಗೆ ಕೊಂಬಿಗೆ ಹಚ್ಚಿದ ಕೆಂಪು ಕುಂಕುಮ ಸಂಜೆಗೆ ಹಳದಿಯಾಗಿರುತ್ತಿತ್ತು. ಉದುರಿಹೋಗಿದ್ದರೆ ಗಾಳಿ ಅನ್ನಬಹುದಿತ್ತು. ಉದುರಿರಲಿಲ್ಲ, ಇದ್ದಲ್ಲೇ ಕೆಂಪು ಸತ್ತುಹೋಗಿತ್ತು. ಹಣೆಗೆ, ಅಂದರೆ ಬಾನೆಟ್ಟಿನ ಮುಂದೆ ಇಟ್ಟದ್ದು ಕೆಂಪಗೇ ಇತ್ತು. ಅತ್ತೆ ಅದನ್ನು ನೋಡಿ ಬಂದು ದೇವರ ಮುಂದೆ ಬಹಳ ಹೊತ್ತು ಕೂತರು.

“ಕುಂಕುಮ ನಿಲ್ಲದ ಗಾಡಿ ಕಣೇ ಅದು,” ಅಂದರು ನನಗೆ ಮೆಲ್ಲಗೆ. “ಅದರ ಮೇಲೆ ನನ್ನ ಮಗ ಕೂರ್ತಾನೆ. ಇವಳು ಕುಂಕುಮ ಇಡ್ತಾಳೆ, ಅದು ಅಳಿಸ್ತದೆ. ಅದರ ಅರ್ಥ ಏನು ಅಂತ ನಿಂಗೆ ಬಿಡಿಸಿ ಹೇಳ್ಬೇಕಾ?”

ಎರಡನೆಯದು ಅವಳ ಸೀರೆ. ಒಗೆದು ಹರವಿದಾಗ ಸೆರಗಿನ ತುಂಬ ತೂತು. ಇಲಿ ಕಡಿದ ಹಾಗಲ್ಲ, ಕಿಡಿ ಹಾರಿ ಸುಟ್ಟ ಹಾಗೆ, ಸಾಸಿವೆ ಗಾತ್ರದ ತೂತುಗಳು, ಎಳೆದರೆ ಹರಿದು ದೊಡ್ಡದಾಗುವವು. ಅವಳು ಒಲೆಯ ಹತ್ತಿರ ಕೂತದ್ದೇ ಕಡಿಮೆ. ಮಾಟ ಮಾಡಿಸಿದರೆ ಪೆಟ್ಟಿಗೆಯೊಳಗಿನ ಬಟ್ಟೆಯೂ ಹೀಗೆ ತೂತು ಬೀಳುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ. ಅವಳು ಆ ಸೀರೆಯನ್ನು ಯಾರಿಗೂ ಕಾಣದ ಹಾಗೆ ಮಡಿಸಿಟ್ಟಿದ್ದಳು. ಅಜ್ಜಿಯ ಕಣ್ಣಿಗೆ ಬಿತ್ತು.

ಮೂರನೆಯದಂತೂ ನನ್ನ ಬಾಯಿಯನ್ನೂ ಕಟ್ಟಿತು. ಅವಳು ತಿಂಗಳ ಮೂರು ದಿನ ಹೊರಗೆ ಕೂತಾಗ ಅಂಗಳದ ಕೆಲಸ ನನಗೆ ಬರುತ್ತಿತ್ತು. ನನಗೋ ಆ ಪೆಟ್ಟಿಗೆಯ ಹತ್ತಿರ ಹೋಗಲು ಹೆದರಿಕೆ, ಗಾಡಿಯ ಹಣೆಗೆ ದೂರದಿಂದಲೇ ಒಂದು ಬೊಟ್ಟಿಟ್ಟು ಬರುತ್ತಿದ್ದೆ. ಆ ಮೂರು ದಿನವೂ ಟ್ರ್ಯಾಕ್ಟರ್ ಒಂದೇ ಸಲಕ್ಕೆ ಹೊರಟಿತು. ಅವಳು ಸ್ನಾನ ಮಾಡಿ ಒಳಗೆ ಬಂದ ಬೆಳಿಗ್ಗೆ: ಲೊಚ್.

ಮುಂದಿನ ತಿಂಗಳೂ ಹಾಗೇ ಆಯಿತು. ಆಗ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೈದುನ ಕೂಡ ಹೆಂಡತಿ ಬಾಗಿಲಿಗೆ ಬಂದರೆ, “ಒಳಗಿರು, ಗಾಡಿ ತೆಗೀತಾ ಇದೀನಿ,” ಅನ್ನಲು ಶುರು ಮಾಡಿದ. ಅಂದುಬಿಟ್ಟು ತಲೆ ಬಗ್ಗಿಸುತ್ತಿದ್ದ. ಅವಳು ಒಳಗೆ ಬಂದು ಸುಮ್ಮನೆ ರಾಗಿ ಕಲ್ಲಿನ ಮುಂದೆ ಕೂರುತ್ತಿದ್ದಳು. ಬೀಸಲು ರಾಗಿ ಇಲ್ಲದಿದ್ದರೂ.

ಸಂಕ್ರಾಂತಿ ಹತ್ತಿರ ಬಂದಿತ್ತು. ಅವತ್ತು ನಮ್ಮ ಮನೆಯವರು ಎತ್ತಿನ ಗಾಡಿ ಕಟ್ಟಿಕೊಂಡು ಚಿಂತಾಮಣಿ ಸಂತೆಗೆ ಹೋಗಿದ್ದರು. ಎಳೆಯಲು ಎತ್ತಿಲ್ಲದೆ ಟ್ರ್ಯಾಕ್ಟರ್ ಇಡೀ ದಿನ ಅಂಗಳದಲ್ಲೇ ನಿಂತಿತ್ತು. ದೀಪ ಹಚ್ಚುವ ಹೊತ್ತಿಗೆ ಮೈದುನ ತೋಟದಿಂದ ಬಂದವನು ಹತ್ತಿ ಕೂತು ಗುಂಡಿ ಒತ್ತಿದ. ಲೊಚ್. ಮತ್ತೊಮ್ಮೆ ಗಟ್ಟಿಯಾಗಿ ಗುದ್ದಿದ. ಏನೋ ಬೈದುಕೊಂಡು ಇಳಿದು ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.

ಆಗ ಓರಗಿತ್ತಿ ಹೊರಗೆ ಹೋದಳು. ಬೆಳಿಗ್ಗೆ ಒಂದೇ ಸಾಲದು, ಸಂಜೆಯೂ ಪೂಜೆ ಆಗಲಿ ಅಂತ ಅತ್ತೆ ಆ ವಾರದಿಂದ ನೇಮ ಎರಡು ಮಾಡಿದ್ದರು. ನಾನು ದೇವರ ಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದೆ.

ಗರ್ರ್ ಅನ್ನುವ ಸದ್ದು ಕೇಳಿತು. ಎಂಜಿನ್ ಓಡುವ ಸದ್ದಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡವರು ನರಳುವ ಹಾಗೆ. ಹಿಂದೆಯೇ ಕಲ್ಲು ಬಿರಿದ ಸದ್ದು. ಬತ್ತಿ ಬಿಟ್ಟು ಓಡಿದೆ. ಟ್ರ್ಯಾಕ್ಟರ್ ನಿಂತ ಜಾಗದಿಂದ ಮುಂದೆ ಬಂದು, ತುಳಸಿಕಟ್ಟೆಯ ಮೂಲೆ ಒಡೆದು, ಅದಕ್ಕೆ ಹಣೆ ಒತ್ತಿಕೊಂಡು ನಿಂತಿತ್ತು. ಸೀಟಿನ ಮೇಲೆ ಯಾರೂ ಇಲ್ಲ. ಓರಗಿತ್ತಿ ಪಕ್ಕಕ್ಕೆ ಬಿದ್ದಿದ್ದಳು. ಅವಳ ಸೆರಗು ದೊಡ್ಡ ಚಕ್ರದ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಅತ್ತೆ ಬಾಗಿಲಲ್ಲಿ, ಮೈದುನ ಒದ್ದೆ ಕಾಲಲ್ಲಿ, ನಾನು ಮೆಟ್ಟಿಲಲ್ಲಿ, ಎಲ್ಲರೂ ನೋಡಿದ್ದು ಅವಳನ್ನಲ್ಲ, ಆ ಖಾಲಿ ಸೀಟನ್ನು.

ಸೆರಗು ಹರಿದು ಅವಳನ್ನು ಎಳೆದುಕೊಂಡೆವು. ಕೈ ಉಳುಕಿತ್ತು, ಮೊಣಕೈ ತರಚಿತ್ತು, ಅಷ್ಟೇ. ಸೀರೆ ಹೋಯಿತು, ಕಾಲು ಉಳಿಯಿತು. ಆ ದಿನದ ಲೆಕ್ಕದಲ್ಲಿ ದೇವರು ತೋರಿದ ಮೊದಲ ದಯೆ ಅದು.

“ಅದು ಇವಳ ಮೇಲೇ ಬಂತು,” ಅಂದರು ಅತ್ತೆ. “ಇವಳನ್ನ ಕೇಳ್ತಾ ಇದೆ ಅದು. ಇವತ್ತು ಇವಳು, ನಾಳೆ ನನ್ನ ಮಗ. ಬೇಡಪ್ಪಾ. ಇವಳು ತವರಲ್ಲಿರ್ಲಿ. ಇವತ್ತೇ ಯಾರನ್ನಾದ್ರೂ ಶಿಡ್ಲಘಟ್ಟದ ಬಸ್ಸಿಗೆ ಅಟ್ಟು, ಅವರಣ್ಣ ಬೆಳಿಗ್ಗೆ ಬಂದು ಕರ್ಕೊಂಡೋಗ್ಲಿ.”

“ಎಷ್ಟು ದಿನಕ್ಕಮ್ಮ?” ಅಂದ ಮೈದುನ.

ಅತ್ತೆ ಪೆಟ್ಟಿಗೆಯನ್ನೂ ಕಟ್ಟಿಸಿ ಅಂದರು. ಪೆಟ್ಟಿಗೆ ಸಮೇತ ಹೋದ ಹೊಸ ಸೊಸೆ ಹಿಂತಿರುಗುವುದು ಎಷ್ಟು ಕಷ್ಟ ಅಂತ ನಮಗೆಲ್ಲ ಗೊತ್ತಿತ್ತು. ಮೈದುನ ಹೊರಗೆ ಹೋದ. ಊರಿನವರೊಬ್ಬರು ಕೊನೆಯ ಬಸ್ಸಿಗೆ ಹೊರಟಿದ್ದರು, ಅವರ ಕೈಯಲ್ಲಿ ಮಾತು ಹೋಯಿತು.

ಅಡುಗೆಮನೆಯಲ್ಲಿ ಬುಡ್ಡಿ ಬೆಳಕಿನಲ್ಲಿ ಅವಳನ್ನು ಕೂರಿಸಿಕೊಂಡು ಅರಿಶಿನ ಸುಣ್ಣ ಕಲಸಿದೆ. ಉಳುಕಿಗೆ ನಮ್ಮಲ್ಲಿ ಅದೇ ಔಷಧಿ. ಅವಳು ಅಳುತ್ತಿರಲಿಲ್ಲ.

“ಅಕ್ಕ, ನಮ್ಮನೇಲಿ ತಂಗಿ ಮದ್ವೆಗೆ ಇದಾಳೆ. ನಾನು ಪೆಟ್ಟಿಗೆ ಇಟ್ಕೊಂಡು ಬಾಗಿಲಲ್ಲಿ ನಿಂತ್ರೆ ಅವಳನ್ನ ಯಾರು ಕೇಳ್ತಾರೆ?”

“ಸುಮ್ನಿರೇ. ದೇವರಿದಾನೆ,” ಅಂದೆ. ಬೇರೆ ಏನು ಹೇಳಲಿ?

ಕೆಂಪು ಕಲಸನ್ನು ಮಣಿಕಟ್ಟಿಗೆ ಬಳಿದೆ, ಹಾಗೇ ಅಂಗೈಗೆ, ಬೆರಳಿಗೆ ಎಳೆದೆ. ಮಣಿಕಟ್ಟಿನ ಮೇಲೆ ಕೆಂಪು ಕೆಂಪಾಗಿಯೇ ಉಳಿಯಿತು. ಬೆರಳ ತುದಿಗೆ ಬಂದದ್ದು ನನ್ನ ಕಣ್ಣೆದುರೇ ಹಳದಿಯಾಯಿತು. ಮೊದಲು ಬುಡ್ಡಿಯನ್ನು ಹತ್ತಿರ ತಂದೆ. ಆಮೇಲೆ ಕೈ ಕೊಡವಿ ಹಿಂದೆ ಸರಿದೆ. ಕೊಂಬಿನ ಮೇಲೆ ಸತ್ತ ಕೆಂಪು ಈಗ ಅವಳ ಬೆರಳಲ್ಲೂ ಸತ್ತಿತ್ತು.

“ಉರೀತಿದೆ ಅಕ್ಕ,” ಅಂದಳು ಅವಳು. “ದಿನಾ ಉರಿಯುತ್ತೆ. ಪೂಜೆ ಮಾಡಿದ್ಮೇಲೆ.”

ಅವಳು ಕೈ ಒರೆಸಿಕೊಂಡ ಹರಿದ ಸೆರಗಿನ ಮೇಲೆ ಒಂದು ತೊಟ್ಟು ಕಲಸು ಬಿದ್ದಿತ್ತು. ಅದೂ ಹಳದಿ. ಅಲ್ಲೇ ಹೊಸ ತೂತೊಂದು ಬೀಳುತ್ತಿತ್ತು. ಆಗ ನನಗೆ ಬಹಳ ಹಳೆಯದೊಂದು ನೆನಪಾಯಿತು. ಚಿಕ್ಕಂದಿನಲ್ಲಿ ಯಾರದೋ ಮದುವೆಯ ಆರತಿ ಓಕುಳಿಗೆ ನಾವು ಹುಡುಗಿಯರು ನಿಂಬೆಹಣ್ಣು ಹಿಂಡಿದ್ದೆವು. ರಕ್ತದಂತಿದ್ದ ನೀರು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಳದಿಯಾಗಿತ್ತು. ನಮ್ಮಮ್ಮ ತಲೆಗೊಂದು ಮೊಟಕಿ, “ಹುಳಿ ಬಿದ್ರೆ ಓಕುಳಿ ಕೆಡುತ್ತೆ ಅಂತ ಗೊತ್ತಿಲ್ವಾ?” ಅಂದಿದ್ದರು.

“ನೀನು ಏನು ಹುಳಿ ಮುಟ್ಟಿದ್ದೆ?”

“ಏನೂ ಇಲ್ಲ ಅಕ್ಕ. ಗಾಡಿ ಕೊಂಬು ಅಷ್ಟೇ.”

“ದಿನಾ ಏನು ಮಾಡ್ತೀಯ ಅಲ್ಲಿ? ಮೊದಲಿಂದ ಹೇಳು.”

ಅವಳು ಹೇಳಿದಳು. ಹೊಸಲಿಗೆ ಹಚ್ಚುವ ಹಾಗೆ ಅರಿಶಿನ ಗಟ್ಟಿಯಾಗಿ ಕಲಸುತ್ತಿದ್ದಳು. ಮೇಲೆ ಮೇಲೆ ಬೊಟ್ಟಿಟ್ಟರೆ ಪೂಜೆಯಾಗುತ್ತದೆಯೇ? ಒಂದು ಕೊಂಬಿನ ಬಳೆ ಸಡಿಲ, ಬೋಲ್ಟು ಬಿದ್ದುಹೋಗಿತ್ತು, ಕೈಯಲ್ಲೇ ಎತ್ತಬಹುದಿತ್ತು. ಅದನ್ನು ಎತ್ತಿ, ಕೊಂಬಿನ ಬುಡದವರೆಗೂ ಸುತ್ತ ಅರಿಶಿನ ಬಳಿದು, ಕುಂಕುಮ ಇಟ್ಟು, ಬಳೆಯನ್ನು ಮತ್ತೆ ತೊಡಿಸುತ್ತಿದ್ದಳು. ಹುಳು ಮನೆಯವಳು ಅರ್ಧ ಕೆಲಸ ಮಾಡುವವಳಲ್ಲ.

“ಇವತ್ತು ಸಂಜೆ?”

“ಇವತ್ತು ಹಳೇದೆಲ್ಲ ಗಟ್ಟಿಯಾಗಿ ಹೆಪ್ಪು ಕಟ್ಟಿತ್ತು ಅಕ್ಕ. ಹೊಸದು ಹಚ್ಚೋಕೆ ಮುಂಚೆ ಪಾತ್ರೆ ತರ ಬೆಳಗಣ ಅಂತ ಮರಳು ಹಾಕಿ ನಾರಲ್ಲಿ ತಿಕ್ಕಿದೆ. ಬೆಳ್ಳಿ ತರ ಹೊಳೀತು. ಬಳೆ ಸರಿಯಾಗಿ ಕೂರುತ್ತಾ ಅಂತ ತೊಡಿಸಿದೆ ಅಷ್ಟೇ. ಅದು ನರಳ್ತು.”

ನಾನು ಬಹಳ ಓದಿದವಳಲ್ಲ. ಆದರೆ ಹೆಂಚಿಗೆ ಮಸಿ ಹಿಡಿದರೆ ಕಾವು ಏರುವುದಿಲ್ಲ ಅಂತ ಒಲೆ ಮುಂದೆ ಕೂತ ಯಾರಿಗಾದರೂ ಗೊತ್ತು. ಕೊಂಬಿಗೂ ಬಳೆಗೂ ನಡುವೆ ಅರಿಶಿನ ಕೂತರೆ, ಆ ಕರೆಂಟ್ ಅನ್ನುವುದು ಎಲ್ಲಿ ದಾಟುತ್ತದೆ?

ಸಂತೆಯಿಂದ ಬಂದ ನಮ್ಮ ಮನೆಯವರಿಗೆ ಕೈಕಾಲಿಗೆ ನೀರು ಕೊಡುತ್ತಾ ಕೇಳಿದೆ, “ಆ ಬ್ಯಾಟರಿ ನೀರು ಹುಳಿ ಇರುತ್ತಾ?”

“ಆಸಿಡ್ ಕಣೇ. ಬಟ್ಟೆನೂ ತೂತಾಗುತ್ತೆ. ಸುಡುತ್ತೆ ಅಂತ ಸಾಬರು ಹೇಳಿರ್ಲಿಲ್ವಾ?”

“ನಿಮಗೆ ಹೇಳಿದ್ರು. ಕೊಂಬು ಪೂಜೆ ಮಾಡೋಳಿಗೆ ಯಾರು ಹೇಳಿದ್ರು?”

ಅವರು ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. ನಾನು ಎಲ್ಲವನ್ನೂ ಹೇಳಿದೆ. ತಮ್ಮನನ್ನು ಕರೆದರು, ಮೂವರೂ ಕಂದೀಲು ಹಿಡಿದು ಹೋದೆವು. ಗೇರಿನಲ್ಲೇ ಬಿಟ್ಟಿದ್ದ ಗಾಡಿ. ಸಿಟ್ಟಿನಲ್ಲಿ ಗುದ್ದಿದ ಗುಂಡಿ ಒಳಗೇ ಸಿಕ್ಕಿಕೊಂಡಿತ್ತು; ತಿಕ್ಕಿದ ಕೊಂಬಿಗೆ ಬಳೆ ತೊಡಿಸಿದ್ದೇ ಕರೆಂಟ್ ದಾಟಿ ಗಾಡಿ ಮುಂದೆ ಜರುಗಿತ್ತು. ತುಳಸಿಕಟ್ಟೆಗೆ ಗುದ್ದಿದ ಕುಲುಕಿಗೆ ಸೀಸದ ಬಳೆ ಕಳಚಿ ಬಿದ್ದಿತ್ತು, ಅದಕ್ಕೇ ಗಾಡಿ ನಿಂತಿತ್ತು. ಆ ಬೋಲ್ಟು ಇಲ್ಲದ್ದು ಎರಡನೆಯ ದಯೆ. ಮೈದುನ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತ. “ಸಾಬರು ಬಂದಾಗೆಲ್ಲ ಮೊದಲು ಇದನ್ನೇ ಹಿಡಿದು ತಿರುಚೋರು ಅತ್ತಿಗೆ,” ಅಂದ. “ಅದಕ್ಕೇ ಹೊರಡ್ತಿತ್ತು. ಇವಳು ಹಚ್ಚದ ಮೂರು ದಿನ, ಹಿಂದಿನ ದಿನದ್ದು ಗಾಡಿ ಕುಲುಕಿಗೆ ಉಜ್ಜಿ ಹೋಗಿರ್ತಿತ್ತು.”

“ಅಮ್ಮಂಗೆ ನೀನು ಹೇಳು,” ಅಂದರು ನಮ್ಮ ಮನೆಯವರು.

“ಹೇಳಿದ್ರೆ ನಂಬಲ್ಲ,” ಅಂದೆ. “ಅವರ ಕೈಯಿಂದಾನೇ ಆಗ್ಬೇಕು.”

ಬೆಳಿಗ್ಗೆ ದಟ್ಟ ಇಬ್ಬನಿ. ಮೊದಲ ಬಸ್ಸಿಗೇ ಓರಗಿತ್ತಿಯ ಅಣ್ಣ ಬಂದಿದ್ದ, ಯಾಕೆ ಕರೆಸಿದ್ದಾರೆ ಅಂತ ತಿಳಿಯದೆ ಜಗಲಿಯ ತುದಿಯಲ್ಲಿ ಕೂತಿದ್ದ. ಅವಳ ಪೆಟ್ಟಿಗೆ ಹೊಸಲಿನ ಒಳಗೆ ಸಿದ್ಧವಾಗಿತ್ತು. ಅವಳನ್ನು ನಾನೇ ರಾಗಿ ಕಲ್ಲಿನ ಮುಂದೆ ಕೂರಿಸಿ, ಹೊರಗೆ ಬರಬೇಡ ಅಂದಿದ್ದೆ.

ಮೈದುನ ಕೊಂಬು ತಿಕ್ಕಿ, ಗೇರು ತಪ್ಪಿಸಿ, ಗುಂಡಿ ಬಿಡಿಸಿ, ಬಳೆಯನ್ನು ತಂತಿಯಿಂದ ಬಿಗಿದು, ಒತ್ತಿದ. ಒಂದೇ ಸಲಕ್ಕೆ ಗಡಗಡ ಅಂತ ಹೊರಟಿತು. ನಿಲ್ಲಿಸಿದ.

“ಅವಳಿಲ್ಲ, ಹೊರಡ್ತು,” ಅಂದರು ಅತ್ತೆ. “ಅದನ್ನೇ ನಾನು ಹೇಳಿದ್ದು.”

“ಹೌದು ಅತ್ತೆ. ಅವಳು ಹೊರಡೋ ಮುಂಚೆ ಇವತ್ತಿನ ಪೂಜೆ ನಿಮ್ಮ ಕೈಯಿಂದ ಆಗ್ಲಿ. ಹಿರೇಮುತ್ತೈದೆ ನೀವು. ಕೊಂಬಿನ ಬುಡದವರೆಗೂ ಹಚ್ಚಿ, ಅವಳು ಹಚ್ಚೋ ಹಾಗೇ.”

ಅತ್ತೆ ನನ್ನ ಮುಖ ನೋಡಿದರು. ಆದರೆ ಪೂಜೆ ಬೇಡ ಅನ್ನುವವರಲ್ಲ. ಮೈದುನ ತಂತಿ ಬಿಚ್ಚಿ ಬಳೆ ಎತ್ತಿದ. ಅತ್ತೆ ಕಣ್ಣು ಮುಚ್ಚಿ, ಏನೋ ಹೇಳಿಕೊಂಡು, ಅರಿಶಿನವನ್ನು ದಪ್ಪನಾಗಿ ಸುತ್ತ ಬಳಿದರು, ಮೇಲೆ ಕುಂಕುಮ ಇಟ್ಟರು. ಬಳೆ ತೊಡಿಸಿದ. ಗುಂಡಿ ಒತ್ತಿದ.

ಲೊಚ್.

ಯಾರೂ ನೆಲ ತಟ್ಟಲಿಲ್ಲ. ಒಳಗೆ ರಾಗಿ ಕಲ್ಲು ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು. ಅವಳು ಅಲ್ಲೇ ಇದ್ದಾಳೆ, ಹೊಸಲು ದಾಟಿಲ್ಲ ಅಂತ ಎಲ್ಲರಿಗೂ ಗೊತ್ತಾಗಲಿ ಅಂತ ನಾನೇ ಅವಳಿಗೆ ಒಂದೇ ಕೈಯಲ್ಲಾದರೂ ಬೀಸು ಅಂದಿದ್ದೆ.

“ಈಗ ಒರೆಸಿ ಅತ್ತೆ,” ಅಂದೆ.

ಅತ್ತೆ ತಮ್ಮ ಸೆರಗಿನಿಂದಲೇ ಒರೆಸಿದರು. ನಾನು ಸೆರಗು ಬೇಡ ಅನ್ನುವಷ್ಟರಲ್ಲಿ ಒರೆಸಿ ಆಗಿತ್ತು. ಮೈದುನ ಮರಳು ಹಾಕಿ ತಿಕ್ಕಿ, ಬಳೆ ತೊಡಿಸಿ, ಒತ್ತಿದ. ಅಂಗಳವೆಲ್ಲ ನಡುಗುವ ಹಾಗೆ ಹೊರಟಿತು. ಜಗಲಿಯ ಕಂಬಕ್ಕೆ ಒರಗಿದ್ದ ಮಾವ, ಕಿವಿಗೆ ಕೇಳದಿದ್ದರೂ ಬೆನ್ನಿಗೆ ಗೊತ್ತಾಗಿ, “ಹೊರಡ್ತಾ?” ಅಂದರು.

“ಹೊರಡ್ತು!” ಅಂತ ಮೈದುನ ಕೂಗಿದ.

ಅತ್ತೆ ತಮ್ಮ ಬೆರಳು ನೋಡಿಕೊಳ್ಳುತ್ತಾ ನಿಂತಿದ್ದರು. ಕುಂಕುಮದ ಬೆರಳು ಹಳದಿಯಾಗಿತ್ತು. ಅವರ ಹಣೆಯಲ್ಲಿ ಅದೇ ಡಬ್ಬಿಯ ಕುಂಕುಮ, ಕಾಸಿನಗಲ, ಕೆಂಪಗೆ ಇತ್ತು. ನಾನು ಅದನ್ನು ತೋರಿಸಿ, ಆಸಿಡ್ ಅಂದರೆ ಹುಳಿ, ಹುಳಿ ಬಿದ್ದರೆ ಓಕುಳಿ ಕೆಡುವುದಿಲ್ಲವೇ ಅಂದೆ. ಅವರು ಬೆರಳನ್ನು ಇನ್ನೊಮ್ಮೆ ತಿರುಗಿಸಿ ನೋಡಿ, “ಎತ್ತಿನ ಕೊಂಬೇ ಬೇರೆ, ಇದರ ಕೊಂಬೇ ಬೇರೆ. ಇನ್ಮೇಲೆ ಹಣೆಗೆ ಮಾತ್ರ ಹಚ್ಚಲಿ,” ಅಂದರು. ಹಚ್ಚಲಿ ಅಂದರೆ ಯಾರು ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಳಗೆ ಕಲ್ಲಿನ ಸದ್ದು ನಿಂತಿತು.

ಓರಗಿತ್ತಿಯ ಅಣ್ಣ ಎದ್ದು ನಿಂತು, “ಏನೋ ಬರ್ಬೇಕಂತೆ ಅಂದ್ರು ಅಮ್ಮಾ...” ಅಂತ ಶುರು ಮಾಡಿದ.

“ಹೂಂ ಕಣಪ್ಪ. ಹಬ್ಬ ಹತ್ತಿರ ಬಂತಲ್ಲ, ತಂಗೀನ ನೋಡ್ಕೊಂಡು ಎಳ್ಳು ಬೆಲ್ಲ ತಗೊಂಡೋಗ್ಲಿ ಅಂತ ಹೇಳಿ ಕಳಿಸ್ದೆ,” ಅಂದರು ಅತ್ತೆ, ಒಂದು ಚೂರೂ ತಡವರಿಸದೆ. “ಏನೇ, ಆ ಪೆಟ್ಟಿಗೆ ಯಾಕೆ ದಾರಿಗಡ್ಡ ಇಟ್ಟಿದೀರ? ಎಡವಿ ಬೀಳಕ್ಕಾ? ಒಳಗಿಡ್ರೇ!”

ಮುಂದಿನ ಒಗೆತದಲ್ಲಿ ಅವರ ಸೆರಗಿನಲ್ಲೂ ಸಾಸಿವೆ ತೂತುಗಳು ಬಿದ್ದವು. ತಾವೇ ಸೂಜಿ ತಂದು ಹೊಲಿದುಕೊಂಡರು.

ಅವತ್ತು ಮೈದುನ ಗಾಡಿಯನ್ನು ಕೆರೆಯ ಕಡೆಗೆ ಹೊರಡಿಸುವ ಮುಂಚೆ ಅತ್ತೆ ಒಂದು ಸಲ ಅದರ ಸುತ್ತ ಬಂದರು. ಸೀಟಿನ ಹತ್ತಿರ ನಿಂತರು. ಬಾನೆಟ್ಟಿನ ಮೇಲೆ, ಚಕ್ರದ ಮೇಲೆ, ಮುರಿದ ತುಳಸಿಕಟ್ಟೆಯ ಮೇಲೆ ಇಬ್ಬನಿ ಹನಿಹನಿಯಾಗಿ ಕೂತಿತ್ತು. ಮೈದುನ ಆ ಬೆಳಿಗ್ಗೆ ಇನ್ನೂ ಮೇಲೆ ಹತ್ತಿರಲಿಲ್ಲ, ನೆಲದ ಮೇಲೆ ನಿಂತೇ ಗುಂಡಿ ಒತ್ತಿದ್ದ. ಸೀಟು ಒಣಗಿತ್ತು. ಅತ್ತೆ ಅಂಗೈ ಇಟ್ಟರು, ತೆಗೆದರು. ನನ್ನನ್ನು ನೋಡಿದರು. ನನಗೂ ಗೊತ್ತು ಅಂತ ಅವರಿಗೆ ತಿಳಿಯಿತು.

ಇದಕ್ಕೆ ಹುಳಿಯೂ ಇಲ್ಲ, ಸುಣ್ಣವೂ ಇಲ್ಲ. ಇವತ್ತಿಗೂ ನನಗೆ ಇದರ ಕಾರಣ ಗೊತ್ತಿಲ್ಲ.

“ಇರ್ಲಿ ಬಿಡು,” ಅಂದರು ಅತ್ತೆ ಮೆಲ್ಲಗೆ, ಪಕ್ಕದಲ್ಲಿರುವ ಯಾರಿಗೋ ಕೇಳಿಸಬೇಕು ಅನ್ನುವ ಹಾಗೆ. “ಯಾರೋ ಕೂತಿದಾರೆ. ನಮ್ಮ ಹುಡುಗನ್ನ ನೋಡ್ಕೊಳ್ಳಲಿ.” ಆಮೇಲೆ, ಗಾಡಿ ತನ್ನ ಅಂಗಳ ಬಿಡುವಾಗ ತೀರಿಕೊಂಡ ಯಜಮಾನನ ಹೆಂಡತಿ ಮಾಡಿದ ಹಾಗೇ, ತಮ್ಮ ಸೆರಗಿನಿಂದ ಸೀಟು ಒರೆಸಿದರು, ಒಣಗಿದ್ದರೂ. ಮೈದುನ ಹತ್ತಿ ಕೂತ. ಗಾಡಿ ಹುಣಸೆಮರ ದಾಟಿ ಇಬ್ಬನಿಯೊಳಗೆ ಹೋಯಿತು. ಮೊದಲು ಗಾಡಿ ಕಾಣದಾಯಿತು, ಆಮೇಲೆ ಅವನ ರುಮಾಲು.

ಮಧ್ಯಾಹ್ನಕ್ಕೆ ಮನೆಗೆ ಬಂದ ಬೀಗರಿಗೆ ಊಟ, ಹಿತಕಿದ ಬೇಳೆ ಸಾರಾಗಬೇಕು. ನಾನು ಒಳಗೆ ಬಂದೆ. ಓರಗಿತ್ತಿ ಅರಿಶಿನ ಸುಣ್ಣದ ಕೈಯನ್ನು ಮೇಲೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಊದುಗೊಳವೆ ಹಿಡಿದು ಒಲೆ ಊದುತ್ತಿದ್ದಳು. ಅವಳು ಅಲ್ಲಿಗೆ ಬಂದದ್ದೂ ನನಗೆ ಕೇಳಿಸಿರಲಿಲ್ಲ. ಪಕ್ಕದಲ್ಲಿ ಕೂತು, ನೆನೆದ ಕಾಳಿನ ಪಾತ್ರೆಯನ್ನು ಎಳೆದುಕೊಂಡು, ಒಂದೊಂದಾಗಿ ಹಿತಕತೊಡಗಿದೆ.